ಕರೆಂಟಿಲ್ಲದ ಬಿಸಿನೀರು

ಊರವರ ಬಚ್ಚಲುಗಳಿಗೆಲ್ಲ ಗ್ಯಾಸ್ ಗೀಸರ್ ಕೂರಿಸಿ ಕೂರಿಸಿ ಅವನಿಗೆ ಬಿಸಿನೀರಣ್ಣ ಅನ್ನೋ ಹೆಸರೇ ಕಾಯಂ ಆಗಿತ್ತು. ಅವತ್ತು ಬೆಳಿಗ್ಗೆ ಏಳಕ್ಕೆ ಕರೆಂಟು ಹೋದಾಗ ಬೀದಿಯೆಲ್ಲ ಗೊಣಗಿದರೆ, ಅವನೊಬ್ಬ ಅಂಗಡಿಯ ಷಟರ್ ಎತ್ತುತ್ತ ಮೀಸೆಯಡಿಯಲ್ಲೇ ನಕ್ಕ. ನಗದೆ ಇನ್ನೇನು! "ಕರೆಂಟಿನ ಹಂಗೇ ಬೇಡ, ಎರಡು ಸೆಲ್ ಸಾಕು. ಬಿಸಿನೀರು ಬರ್ಲಿಲ್ಲ ಅಂದ್ರೆ ನನ್ನ ಕೇಳಿ" ಎಂದು ಮನೆಮನೆಯಲ್ಲೂ ಬಡಾಯಿ ಕೊಚ್ಚಿದ್ದ ಆಸಾಮಿ.

ಅಷ್ಟರಲ್ಲಿ ಟೀಚರಮ್ಮನ ಫೋನು ಬಂತು. ಹಿಂದಿನ ವಾರವಷ್ಟೇ ಅವರ ಮನೆಯಲ್ಲಿ ಗೀಸರ್ ಹಾಕಿಕೊಟ್ಟಿದ್ದ.

"ಭೇಷ್ ಕಣಪ್ಪಾ ಬಿಸಿನೀರಣ್ಣ! ಕರೆಂಟಿಲ್ಲ, ನೀರು ಮಾತ್ರ ಹೊಗೆಯಾಡ್ತಾ ಬರ್ತಿದೆ. ಮಗಳು ಮೇಣದಬತ್ತಿ ಹಚ್ಕೊಂಡು ತಲೆಗೆ ನೀರು ಹಾಕ್ಕೊಳ್ಳೋಕೆ ಹೋಗಿದ್ದಾಳೆ."

"ನಾನು ಹೇಳ್ಲಿಲ್ವಾ ಟೀಚರಮ್ಮಾ!" ಎಂದು ಹಿಗ್ಗಿ ಫೋನಿಟ್ಟ.

ಇಟ್ಟವನ ಕೈ ಅಲ್ಲೇ ನಿಂತಿತು. ಮೇಣದಬತ್ತಿ ಯಾಕೆ? ಬಚ್ಚಲಲ್ಲಿ ಲೈಟಿಲ್ಲ. ಲೈಟಿಲ್ಲ ಅಂದರೆ ಫ್ಯಾನೂ ಇಲ್ಲ!

ಆ ಬಚ್ಚಲಿಗೆ ಇದ್ದದ್ದೊಂದೇ ಕಿಟಕಿ. ಚಳಿಗಾಳಿ ಹೊಡೆಯುತ್ತೆ ಎಂದು ಮಗಳು ಗೊಣಗಿದ್ದಕ್ಕೆ ಕಿಟಕಿಗೆ ಹಲಗೆ ಬಡಿದು, ನಡುವೆ ಒಳಗಿನ ಗಾಳಿ ಹೊರಗೆ ತಳ್ಳೋ ಫ್ಯಾನು ಕೂರಿಸಿದವನು ಇವನೇ. ಯಾರೂ ಫ್ಯಾನು ಹಾಕೋದು ಮರೆಯದಿರಲಿ ಎಂದು ಲೈಟಿಗೂ ಅದಕ್ಕೂ ಒಂದೇ ಸ್ವಿಚ್ಚು ಕೊಟ್ಟು, ಏನು ತಲೆ ನಂದು ಅಂತ ಬೆನ್ನು ಬೇರೆ ತಟ್ಟಿಕೊಂಡಿದ್ದ. ಮಹಾ ತಲೆ! ಈಗ ಫ್ಯಾನು ನಿಂತಿದೆ, ಗ್ಯಾಸ್ ಉರಿಯುತ್ತಿದೆ. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ವಿಷಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗಿದ್ದವರಿಗೆ ತಲೆ ಸುತ್ತಿ ನಿದ್ದೆ ಬಂದಂತಾಗುತ್ತದೆ, ಅಷ್ಟೇ.

ತಿರುಗಿ ಫೋನು ಮಾಡಿದ. ಬಿಝಿ. ಮತ್ತೆ ಮಾಡಿದ. ಬಿಝಿ. ಟೀಚರಮ್ಮ ತಂಗಿಗೆ ಫೋನು ಹಚ್ಚಿ ಇವನನ್ನೇ ಹೊಗಳುತ್ತಿದ್ದರು, ಪಾಪ!

ಸ್ಕೂಟರ್ ಹತ್ತಿದ. ಸಿಗ್ನಲ್ ಕೆಟ್ಟು ವೃತ್ತದಲ್ಲಿ ಗಾಡಿಗಳು ಒಂದರ ಮೇಲೊಂದು ಬಿದ್ದಂತೆ ನಿಂತಿದ್ದವು. "ದಾರಿ ಬಿಡ್ರೋ!" ಎಂದು ಅರಚಿದ. ಯಾರು ಕೇಳುತ್ತಾರೆ? ಸ್ಕೂಟರನ್ನು ಅಲ್ಲೇ ಬಿಸಾಕಿ ಓಡಿದ. ಐವತ್ತು ದಾಟಿದ ಕಾಲುಗಳು. ದೇವರೇ, ಇನ್ನೊಂದೇ ಬೀದಿ, ಆ ಹುಡುಗಿಗೆ ಏನೂ ಆಗದಿರಲಿ ಎಂದು ಒಳಗೊಳಗೇ ಅಳುತ್ತ ಓಡಿದ.

ಬಾಗಿಲಲ್ಲಿ ಟೀಚರಮ್ಮ ಫೋನು ಹಿಡಿದು ನಗುತ್ತಿದ್ದರು. "ಅರೆ, ನಿನ್ನ ವಿಷ್ಯಾನೇ..."

"ಮಗಳೆಲ್ಲಿ?"

"ಇನ್ನೂ ಸ್ನಾನ ಮುಗಿದಿಲ್ಲ ಕಣೋ. ಯಾಕೆ?"

ಅವರನ್ನು ಸರಿಸಿಕೊಂಡೇ ಒಳನುಗ್ಗಿ ಬಚ್ಚಲ ಬಾಗಿಲು ಬಡಿದ. "ಮಗಾ! ಬಾಗಿಲು ತೆಗಿ!" ನೀರು ಸುರಿಯುವ ಸದ್ದು ಬಿಟ್ಟರೆ ಮಾತಿಲ್ಲ. ಮೂರನೇ ಒದೆತಕ್ಕೆ ಚಿಲಕ ಕಿತ್ತುಬಂತು. ಉಸಿರು ಬಿಗಿಹಿಡಿದು ಗ್ಯಾಸ್ ಬಂದ್ ಮಾಡಿದ. ನೆಲದ ಮೇಲೆ ಮುದುಡಿ ಬಿದ್ದಿದ್ದ ಹುಡುಗಿಗೆ ಟವೆಲ್ ಸುತ್ತಿ, ತಾಯಿಯೂ ಅವನೂ ಸೇರಿ ಅಂಗಳಕ್ಕೆ ಎಳೆದು ತಂದರು.

ಟೀಚರಮ್ಮ ಕೆನ್ನೆ ತಟ್ಟಿದರು, ಕೂಗಿದರು, ಭುಜ ಹಿಡಿದು ಅಲುಗಾಡಿಸಿದರು. ಎಷ್ಟು ಹೊತ್ತಾಯಿತೋ! ಕೊನೆಗೆ ಹುಡುಗಿ ಕೆಮ್ಮಿದಳು, ಕಣ್ಣು ಬಿಟ್ಟಳು, ವಾಂತಿ ಮಾಡಿಕೊಂಡಳು. ಪಕ್ಕದ ಮನೆಯವರು ಆಸ್ಪತ್ರೆಗೆಂದು ಕಾರು ತೆಗೆದರು.

ಮಗಳನ್ನು ಕಾರಿಗೆ ಹತ್ತಿಸಿ ಟೀಚರಮ್ಮ ಅವನ ಎರಡೂ ಕೈ ಹಿಡಿದುಕೊಂಡರು. "ದೇವ್ರು ಬಂದ ಹಾಗೆ ಬಂದೆಯಪ್ಪಾ!"

ಅವನಿಗೆ ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

"ಅಲ್ಲ ಟೀಚರಮ್ಮಾ. ಇದು ನನ್ನಿಂದಾನೇ ಆಗಿದ್ದು. ಗೀಸರನ್ನ ಒಳಗಡೆ ಹಾಕ್ಲೇಬಾರದಿತ್ತು, ಕಿಟಕಿ ಮುಚ್ಚಲೇಬಾರದಿತ್ತು. ಕರೆಂಟು ಹೋದ್ರೆ ಫ್ಯಾನು ನಿಲ್ಲುತ್ತೆ ಅಂತ ನಂಗೆ ಹೊಳೀಲೇ ಇಲ್ಲ."

ಅವರು ಕೈ ಬಿಟ್ಟರು. ಬೈಯಲಿಲ್ಲ. ಅವನ ಮುಖವನ್ನೇ ನೋಡುತ್ತ ಕೇಳಿದರು.

"ಇನ್ನೆಷ್ಟು ಮನೇಲಿ ಹೀಗೇ ಮಾಡಿದ್ದೀಯ?"

"ಮೂರು."

"ಮತ್ತೆ ಇಲ್ಲೇನ್ ಮಾಡ್ತಿದ್ದೀಯೋ?" ಟೀಚರಮ್ಮ ಕಿರುಚಿದರು. "ಓಡೋ!"