ಅತ್ತೆ ಶಾರ್ಪ್ ಮಾಡಿದ ಮುಖಗಳು

ಅಳಿಯ ಫೋಟೋಗ್ರಾಫರ್. ಹನ್ನೊಂದು ವರ್ಷದಿಂದ ಅದೇ ಕಸುಬು. ಅತ್ತೆ ಮೂವತ್ತಮೂರು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ರಕ್ತದ ಸ್ಲೈಡು ನೋಡಿದವರು. ನಿವೃತ್ತಿಯಾದ ಮೇಲೆ ಮಗಳ ಮನೆಗೆ ಬಂದರು. ಬಂದ ಹೊಸದರಲ್ಲಿ ಅವರಿಗೆ ಹೊತ್ತೇ ಹೋಗುತ್ತಿರಲಿಲ್ಲ. ಟೀವಿ ಹಿಡಿಸದು, ಅಕ್ಕಪಕ್ಕದವರ ಸುದ್ದಿ ಬೇಡ, ಅಡುಗೆಮನೆಗೆ ಕಾಲಿಡಲು ಮಗಳು ಬಿಡಳು. ಹಾಗಾಗಿ ಅಳಿಯನ ಕೋಣೆಯ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಂಡು, ಅವನು ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನು ನೋಡುತ್ತ ಕೂರುತ್ತಿದ್ದರು. ಅವನಿಗೋ ಮುಳ್ಳಿನ ಮೇಲೆ ಕೂತ ಹಾಗೆ. ಬೆನ್ನ ಹಿಂದೆ ಅತ್ತೆ ಕೂತಿದ್ದರೆ ಯಾವ ಅಳಿಯನಿಗೆ ಕೈ ಓಡುತ್ತದೆ?

ಒಂದು ಬೆಳಿಗ್ಗೆ ಅವನು ಹೊಸ ಕಟ್ಟಡವೊಂದರ ಫೋಟೋ ಮುಗಿಸಿ, ತನ್ನ ಕೆಲಸಕ್ಕೆ ತಾನೇ ಮೆಚ್ಚಿ ಕುರ್ಚಿಗೆ ಬೆನ್ನು ಒರಗಿಸಿ ಕೂತಿದ್ದ. ಹಿಂದಿನಿಂದ ಅತ್ತೆ ಕೇಳಿದರು.

"ಅಳಿಯಂದ್ರೇ, ಆ ಗೋಡೆ ಅಂಚಿಗೆ ಬಿಳೀ ಗೆರೆ ಯಾಕಿದೆ?"

"ಎಲ್ಲಿ ಅತ್ತೆ?"

"ಆಕಾಶ ಗೋಡೆ ಸೇರೋ ಕಡೆ. ಉದ್ದಕ್ಕೂ ಇದೆ ನೋಡಿ. ಗೋಡೆಗೆ ಸುಣ್ಣದಲ್ಲಿ ಬಾರ್ಡರ್ ಹೊಡೆದ ಹಾಗಿದೆ."

ಅವನು ದೊಡ್ಡದು ಮಾಡಿ ನೋಡಿದ. ಇತ್ತು. ಚಿತ್ರದ ಅಂಚುಗಳಿಗೆ ಮೊನಚು ತುಂಬಿ ಅತಿಯಾಗಿ ಶಾರ್ಪ್ ಮಾಡಿದರೆ ಅಂಚಿನ ಒಂದು ಮಗ್ಗುಲು ಕಪ್ಪಾಗಿ ಇನ್ನೊಂದು ಮಗ್ಗುಲು ಬೆಳ್ಳಗಾಗಿ ಇಂಥ ಗೆರೆ ಏಳುತ್ತದೆ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಯಾರೂ ಅದನ್ನು ಬೆರಳಿಟ್ಟು ತೋರಿಸಿರಲಿಲ್ಲ. ಗಿರಾಕಿಗಳೆಲ್ಲ "ಆಹಾ, ಎಷ್ಟು ಶಾರ್ಪಾಗಿದೆ!" ಎಂದೇ ಹೊಗಳಿದ್ದರು.

ಅಂದೇ ಅವನು ಅತ್ತೆಯ ಕುರ್ಚಿಯನ್ನು ಬಾಗಿಲಿಂದ ತೆಗೆದು ಮೇಜಿನ ಪಕ್ಕಕ್ಕೆ ಹಾಕಿದ. ಕ್ಯಾಮೆರಾ ತನ್ನ ಕಡೆಯಿಂದ ಯಾವ ಅಲಂಕಾರವನ್ನೂ ಮಾಡದೆ, ಕಂಡದ್ದನ್ನು ಕಂಡ ಹಾಗೆ ಕೊಡುವ ಕಚ್ಚಾ ಚಿತ್ರಕ್ಕೆ ರಾ ಫೈಲ್ ಎನ್ನುತ್ತಾರೆ ಎಂದು ಹೇಳಿಕೊಟ್ಟ. ಅದು ಮೊದಲ ನೋಟಕ್ಕೆ ಸ್ವಲ್ಪ ಮಂಕಾಗಿ, ನಿದ್ದೆಗಣ್ಣಿನಲ್ಲಿ ಇದ್ದಂತೆ ಕಾಣುತ್ತದೆ. ಬೆಳಕು, ಬಣ್ಣ, ಮೊನಚು ಎಲ್ಲವನ್ನೂ ಆಮೇಲೆ ನಾವೇ ಕೊಡಬೇಕು. ಎಷ್ಟು ತಿದ್ದಿದರೂ ಮೂಲ ಹಾಗೇ ಉಳಿದಿರುತ್ತದೆ ಎಂದ.

"ಮೂಲ ಹಾಗೇ ಇರುತ್ತಾ? ಹಾಗಾದ್ರೆ ಭಯ ಇಲ್ಲ ಬಿಡಿ," ಎಂದು ಅತ್ತೆ ಮೌಸಿಗೆ ಕೈ ಹಾಕಿದರು.

ಎರಡೇ ತಿಂಗಳು. ಬೆಳಕು ಬಣ್ಣ ಅಳಿಯನದು, ಶಾರ್ಪ್ ಮಾಡುವುದು ಅತ್ತೆಯದು ಎಂದು ಯಾರೂ ಹೇಳದೆಯೇ ಕೆಲಸ ಪಾಲಾಯಿತು. ಮಗಳು ಊಟಕ್ಕೆ ಕರೆದು ಕರೆದು ಸಾಕಾಗಿ, "ಅಮ್ಮ ಅಳಿಯನ ಪಾಲಾದಳು, ನನಗೆ ಗಂಡನೂ ಇಲ್ಲ ತಾಯಿಯೂ ಇಲ್ಲ," ಎಂದು ನಗುತ್ತಿದ್ದಳು.

ಅಂಥದರಲ್ಲಿ ಬಸ್ ಡಿಪೋದ ಕೆಲಸ ಬಂತು. ಡಿಪೋಗೆ ಐವತ್ತು ವರ್ಷ ತುಂಬಿತ್ತು. ಅಲ್ಲಿ ದುಡಿಯುವ ಇಪ್ಪತ್ತನಾಲ್ಕು ಮಂದಿಯ ಮುಖಗಳನ್ನು ಆಳೆತ್ತರಕ್ಕೆ ಪ್ರಿಂಟ್ ಹಾಕಿಸಿ ಪ್ರಯಾಣಿಕರು ಕಾಯುವ ಹಜಾರದಲ್ಲಿ ತೂಗುಹಾಕಬೇಕು ಎಂದು ಮ್ಯಾನೇಜರರ ಆಸೆ. ಅಳಿಯ ನಾಲ್ಕು ದಿನ ಡಿಪೋದಲ್ಲೇ ಬೀಡುಬಿಟ್ಟ. ಎಣ್ಣೆ ಮೆತ್ತಿದ ನೆಲ, ಮೇಲೆತ್ತಿ ನಿಲ್ಲಿಸಿದ ಬಸ್ಸುಗಳ ಹೊಟ್ಟೆ, ತಗಡಿನ ಮಾಡಿನ ಸಂದಿಯಿಂದ ಇಳಿಯುವ ಬೆಳಕು. ಚಾಲಕರು, ಇಂಜಿನ್ ಬಿಚ್ಚುವವರು, ಬಸ್ಸು ತೊಳೆಯುವವರು, ಟೈರ್ ವಿಭಾಗದ ಒಬ್ಬ ದೊಡ್ಡ ಮೈಯ ಮನುಷ್ಯ, ಇಪ್ಪತ್ತೊಂಬತ್ತು ವರ್ಷದಿಂದ ಹರಿದ ಸೀಟುಗಳನ್ನು ಹೊಲಿಯುತ್ತ ಬಂದ ಒಬ್ಬ ಹೆಂಗಸು; ಎಲ್ಲರನ್ನೂ ಅವರವರ ಜಾಗದಲ್ಲೇ, ಕೈಯಲ್ಲಿ ಕೆಲಸ ಹಿಡಿದ ಹಾಗೆಯೇ ನಿಲ್ಲಿಸಿ ತೆಗೆದ.

ಸರಿಯಾಗಿ ಆಗಲೇ ಬೇರೆ ಊರಿನಲ್ಲಿದ್ದ ತಮ್ಮ ದೊಡ್ಡ ಮಗಳಿಗೆ ಹೆರಿಗೆಯಾಯಿತೆಂದು ಅತ್ತೆ ಹದಿನೈದು ದಿನಕ್ಕೆ ಹೊರಟರು. ಮ್ಯಾನೇಜರರಿಗೆ ಕಾಯುವ ವ್ಯವಧಾನವಿರಲಿಲ್ಲ.

"ಒಂದೊಂದು ಕೂದಲೂ ಎಣಿಸೋ ಹಾಗಿರಬೇಕು ಸಾರ್. ಬಸ್ಸಿಂದ ಇಳಿದವನ ಕಣ್ಣಿಗೆ ರಾಚಬೇಕು," ಎಂದು ಫೋನಿನಲ್ಲಿ ಹುರಿದುಂಬಿಸಿದರು.

ಅತ್ತೆ ಬರುವ ಮೊದಲೂ ನಾನೇ ಮಾಡುತ್ತಿರಲಿಲ್ಲವೇ ಎಂದುಕೊಂಡ ಅಳಿಯ ಕೂತು ಎಲ್ಲವನ್ನೂ ಎರಡು ದಿನದಲ್ಲಿ ಮುಗಿಸಿದ. ಒಂದು ಚಿತ್ರಕ್ಕೆ ಹಿಡಿಸಿದ ಅಳತೆಯನ್ನೇ ಉಳಿದ ಇಪ್ಪತ್ತಮೂರಕ್ಕೂ ಒಂದೇ ಏಟಿಗೆ ಹಾಕಿಬಿಟ್ಟ. ನೋಡಲೆಂದು ಮೊದಲು ಮೂರು ಪ್ರಿಂಟ್ ಮಾಡಿಸಿ ಡಿಪೋಗೆ ಒಯ್ದ.

ಗೋಡೆಗೆ ಒರಗಿಸಿದ ಪ್ರಿಂಟುಗಳ ಸುತ್ತ ಜನ ಸೇರಿದರು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಸೀಟು ಹೊಲಿಯುವಾಕೆ ಕೈ ಒರೆಸಿಕೊಳ್ಳುತ್ತ ಬಂದಳು. ಮೂರರಲ್ಲಿ ಒಂದು ಅವಳದು. ಬಹಳ ಹೊತ್ತು ನೋಡಿದಳು. ಕೆನ್ನೆಯ ಒಂದೊಂದು ಬೆವರುರಂಧ್ರವೂ ಕೊರೆದಂತೆ ಎದ್ದಿತ್ತು. ಕಣ್ಣ ಕೆಳಗಿನ ಸುಕ್ಕುಗಳು ಚಾಕುವಿನಲ್ಲಿ ಗೀರಿದಂತಿದ್ದವು. ಹಣೆಯ ನೆರಳಿನಲ್ಲಿ ಮರಳು ಎರಚಿದ ಹಾಗೆ ಕಾಳುಕಾಳು.

"ನನ್ನ ಮುಖ ಇಷ್ಟು ಒಡೆದು ಹೋಗಿದೆಯಾ?" ಎಂದು ಅವಳು ಮೆಲ್ಲಗೆ ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯಲೆಂದು. "ಕನ್ನಡೀಲಿ ನೋಡ್ಕೊಂಡಾಗ ಹೀಗೆ ಕಾಣಲ್ಲ. ನನಗೇ ಕಣ್ಣು ಮಂಜಾಗಿದೆಯೋ ಏನೋ."

ಟೈರಿನವನು ತಮಾಷೆ ಮಾಡಲು ಬಾಯಿ ತೆರೆದು, ಅವಳ ಮುಖ ನೋಡಿ ಹಿಂದೆ ಸರಿದ. ಅಳಿಯನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನಿಸಿತು. "ಇದು ಬರೀ ಟ್ರಯಲ್ ಅಮ್ಮ, ಮುಗಿದಿಲ್ಲ ಇನ್ನೂ," ಎಂದು ತೊದಲಿ ಮೂರನ್ನೂ ಸುತ್ತಿಕೊಂಡು ಬಂದ. ಮ್ಯಾನೇಜರರ ಹತ್ತಿರ ಕಾಡಿಬೇಡಿ ಇಪ್ಪತ್ತೈದು ದಿನದ ವಾಯಿದೆ ಪಡೆದ.

ಅತ್ತೆ ಬಂದ ಮರುದಿನ ಬೆಳಿಗ್ಗೆ ಅವನು ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದ. ಪ್ರಿಂಟನ್ನೂ ಬಿಚ್ಚಿ ತೋರಿಸಿದ. ಅತ್ತೆ ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು, "ರಾ ಫೈಲ್ ಇದೆ ತಾನೆ? ಅಲ್ಲಿಂದಾನೇ ಶುರು ಮಾಡೋಣ," ಎಂದರು.

ಅಷ್ಟು ದಿನ ಅವರು ಪಕ್ಕದಲ್ಲೇ ಕೆಲಸ ಮಾಡುತ್ತಿದ್ದರೂ ಅವನು ಗಮನವಿಟ್ಟು ನೋಡಿದ್ದು ಅಂದೇ. ಸೀಟು ಹೊಲಿಯುವಾಕೆಯ ಚಿತ್ರವನ್ನು ತೆರೆದು, ಹಾಕಿದ್ದನ್ನೆಲ್ಲ ಅಳಿಸಿ, ಸೊನ್ನೆಗೆ ತಂದರು. ಪರದೆಯ ಮೇಲೆ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿದರು. ಒಂದು ಕೀ ಒತ್ತಿ ಹಿಡಿದರು. ಚಿತ್ರ ಪೂರ್ತಿ ಕಪ್ಪುಬಿಳುಪಾಯಿತು: ಬಿಳಿ ಇದ್ದ ಕಡೆ ಶಾರ್ಪ್ ಆಗುತ್ತದೆ, ಕಪ್ಪು ಇದ್ದ ಕಡೆ ಆಗುವುದಿಲ್ಲ. ಆ ಕೀ ಅಳಿಯನಿಗೂ ಗೊತ್ತಿತ್ತು, ಬಳಸುವ ತಾಳ್ಮೆ ಇರಲಿಲ್ಲ. ಅತ್ತೆ ಪರದೆಯ ಮೇಲಿನ ಅಳತೆಯ ಗುಂಡಿಯನ್ನು ಮೌಸಿನಿಂದ ಕೂದಲೆಳೆಯಷ್ಟೇ ಸರಿಸುತ್ತ ಹೋದರು. ಮೊದಲು ಹಿಂದಿನ ಗೋಡೆ ಕತ್ತಲಾಯಿತು. ಆಮೇಲೆ ಕೆನ್ನೆ, ಆಮೇಲೆ ಹಣೆ, ಕುತ್ತಿಗೆ. ಕೊನೆಗೆ ಕತ್ತಲಲ್ಲಿ ಬೆಳ್ಳಗೆ ಉಳಿದದ್ದು ರೆಪ್ಪೆ, ಕಣ್ಣ ಗುಡ್ಡೆಯ ಅಂಚು, ತುಟಿಯ ಗೆರೆ, ಕಿವಿಯ ಮೇಲಿನ ನರೆಗೂದಲು, ಕೈಯಲ್ಲಿದ್ದ ಬಾಗಿದ ದೊಡ್ಡ ಸೂಜಿ, ಅದರ ದಾರ, ಸೀಟಿನ ಮೇಲಿನ ಹೊಲಿಗೆ.

"ಇಷ್ಟೇ ಸಾಕಾ ಅತ್ತೆ?"

"ಮನುಷ್ಯರನ್ನ ನೋಡುವಾಗ ನೀವು ಕೆನ್ನೆ ರಂಧ್ರ ಎಣಿಸ್ತೀರಾ? ಕಣ್ಣು ನೋಡ್ತೀರಿ. ಕೈ ನೋಡ್ತೀರಿ. ನೋಡೋದನ್ನ ಮಾತ್ರ ಎತ್ತಿ ಕೊಡಿ."

ಬೆರಳುಗಳಿಗೆ ಬಂದಾಗ ಮಾತ್ರ ಅವರು ಕುಂಚದಂಥ ಉಪಕರಣ ತೆಗೆದುಕೊಂಡು ಇನ್ನಷ್ಟು ಮೊನಚು ತುಂಬಿದರು. ಉಗುರ ಸಂದಿ, ಸೂಜಿ ತಾಗಿ ತಾಗಿ ಜಡ್ಡುಗಟ್ಟಿದ ಹೆಬ್ಬೆರಳು, ದಾರ ಎಳೆದ ಗುರುತು.

"ಇಲ್ಲಿ ಸುಕ್ಕು ಜಾಸ್ತಿ ಮಾಡ್ತಿದ್ದೀರಲ್ಲ?"

"ಮುಖದ ಸುಕ್ಕು ವಯಸ್ಸಿನದು. ಇದು ಕೆಲಸದ್ದು. ಇದನ್ನ ತೋರಿಸಿದ್ರೆ ಆಕೆಗೆ ಬೇಜಾರಾಗಲ್ಲ."

ಅದೂ ಒಮ್ಮೆಗೇ ಮುಗಿಸಲಿಲ್ಲ. ಇನ್ನೇನು ಆಯಿತು ಎನ್ನುವಾಗ ಎದ್ದು ಹೋಗಿ ನೀರು ಕುಡಿದು, ಕಿಟಕಿಯಾಚೆ ಎದುರು ಮನೆಯ ನೀರಿನ ಟ್ಯಾಂಕನ್ನು ಒಂದು ನಿಮಿಷ ದಿಟ್ಟಿಸಿ ಬಂದರು. ಲ್ಯಾಬಿನಲ್ಲಿ ಪ್ರತಿ ಹತ್ತು ಸ್ಲೈಡಿಗೊಮ್ಮೆ ಹಾಗೆ ದೂರ ನೋಡುತ್ತಿದ್ದರಂತೆ. ಬಗ್ಗಿ ಬಗ್ಗಿ ನೋಡುತ್ತಿದ್ದರೆ ಕಣ್ಣಿಗೆ ಎಷ್ಟು ಮೊನಚು ಹಾಕಿದರೂ ಸಾಲದು ಅನಿಸುತ್ತದೆ ಎಂದರು. ಬಂದು ಕೂತವರೇ ಹಾಕಿದ್ದರಲ್ಲಿ ಕಾಲು ಭಾಗ ಇಳಿಸಿದರು. ಕಾಗದದ ಮೇಲೆ ಬಂದಾಗ ಸ್ವಲ್ಪ ಮೆದುವಾಗುತ್ತದೆ, ಅದಕ್ಕೆ ಬೇಕಾದ ಮೊನಚನ್ನು ಕೊನೆಯಲ್ಲಿ ಪ್ರಿಂಟಿನ ಗಾತ್ರ ನೋಡಿ ಬೇರೆಯಾಗಿ ಕೊಡಬೇಕು ಎಂದು ಅವನಿಗೇ ನೆನಪಿಸಿದರು. ಅವನು ಕಲಿಸಿದ ಪಾಠವೇ ಅದು!

ದಿನಕ್ಕೆ ನಾಲ್ಕು ಮುಖ. ಒಂದರ ಅಳತೆ ಇನ್ನೊಂದಕ್ಕಿಲ್ಲ. ಚಾಲಕನ ಹುಬ್ಬಿಗೆ ಒಂದು, ಇಂಜಿನ್ ಬಿಚ್ಚುವವಳ ಮುಂಗೈಯ ಗ್ರೀಸಿಗೆ ಇನ್ನೊಂದು. ಅಳಿಯ ಪಕ್ಕದಲ್ಲೇ ಕೂತು ನೋಡಿದ. ಇಂಥ ಕಣ್ಣು ತನ್ನ ಮನೆಯಲ್ಲೇ ಇದ್ದು, ಅದನ್ನು ಹೊತ್ತು ಹೋಗದ ಮುದುಕಿಯ ಹವ್ಯಾಸ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು, ಒಳಗೊಳಗೇ ಹೆಮ್ಮೆಯೂ ಆಯಿತು.

ಉಳಿದದ್ದು ಟೈರಿನವನು. ಅಳಿಯನಿಗೆ ಎಲ್ಲಕ್ಕಿಂತ ಇಷ್ಟವಾದ ಚಿತ್ರ ಅದು. ಎದೆಯೆತ್ತರದ ಟೈರನ್ನು ತಬ್ಬಿಕೊಂಡು ಅವನು ಬಾಯಿ ತುಂಬ ನಗುತ್ತಿದ್ದಾನೆ, ನಗುವಿಗೆ ಮೈಯೆಲ್ಲ ಕುಲುಕಿದೆ. ಕುಲುಕಿದ್ದೇ ತೊಂದರೆ. ಮುಖ ಅಲುಗಾಡಿ ಮಸುಕಾಗಿತ್ತು.

ಅತ್ತೆ ದೊಡ್ಡದು ಮಾಡಿ ನೋಡಿದರು. ಏನೇನೋ ಸರಿಸಿ ನೋಡಿದರು. ಕೈ ತೆಗೆದರು.

"ಇದು ಬರಲ್ಲ ಅಳಿಯಂದ್ರೇ."

"ಸ್ವಲ್ಪ ಜೋರಾಗಿ ಹಾಕಿದ್ರೆ? ಈಗ ಹೊಸ ಸಾಫ್ಟ್‌ವೇರ್ ಬಂದಿದೆ ಅತ್ತೆ, ಇಲ್ಲದ ರೆಪ್ಪೆನೂ ಬರೆದು ಕೊಡುತ್ತೆ."

"ಬರೆದು ಕೊಡುತ್ತೆ. ಅದು ಅವರ ರೆಪ್ಪೆ ಆಗಿರಲ್ಲ." ಅತ್ತೆಯ ದನಿ ಗಟ್ಟಿಯಾಗಿತ್ತು. "ಸ್ಲೈಡಿನಲ್ಲಿ ಇಲ್ಲದ್ದನ್ನ ನಾನು ಯಾವತ್ತೂ ರಿಪೋರ್ಟಿನಲ್ಲಿ ಬರೆದೋಳಲ್ಲ. ಡಾಕ್ಟ್ರು ತಲೆ ಮೇಲೆ ನಿಂತು ಬೇಗ ಬೇಗ ಅಂದ್ರೂ ಬರೀಲಿಲ್ಲ. ಸರಿಯಾಗಿ ಕಾಣದಿದ್ರೆ ಇನ್ನೊಂದು ಸಲ ರಕ್ತ ತೆಗೀರಿ ಅಂತಿದ್ದೆ."

ಸರಿ, ಇನ್ನೊಂದು ಸಲ ತೆಗೆಯೋಣವೆಂದು ಅಳಿಯ ಡಿಪೋಗೆ ಹೋದ. ಟೈರಿನವನು ಅದೇ ಟೈರು ತಬ್ಬಿ ನಿಂತ. ಆದರೆ ಈಗ ಫೋಟೋಗೆ ನಗುವುದೆಂದು ಗೊತ್ತಾಗಿ ತುಟಿ ಬಿಗಿಹಿಡಿದ. ಮಿತ್ರರು ಕಚಗುಳಿ ಇಟ್ಟರೂ ಆ ನಗು ಬರಲಿಲ್ಲ. ಹೊಸ ಚಿತ್ರ ಸ್ಫಟಿಕದ ಹಾಗೆ ಸ್ಪಷ್ಟ. ಜೀವ ಮಾತ್ರ ಇಲ್ಲ.

ಅತ್ತೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೆನ್ನೆಗೆ ಕೈಕೊಟ್ಟು ಕೂತರು. ಆಮೇಲೆ ಮಸುಕಾದದ್ದನ್ನು ಪರದೆಯ ಮೇಲೆ ಚಿಕ್ಕದು ಮಾಡುತ್ತ ಹೋದರು. ಅಂಗೈಯಷ್ಟಾದಾಗ ನಿಲ್ಲಿಸಿದರು. ಆ ಗಾತ್ರದಲ್ಲಿ ಮಸುಕು ಮಾಯ. ಕಣ್ಣು, ಹಲ್ಲು, ಕುಲುಕುವ ಹೊಟ್ಟೆ, ಎಲ್ಲ ನಿಚ್ಚಳ.

"ದೊಡ್ಡದು ಮಾಡಿದ್ರೆ ಸುಳ್ಳು ಹೇಳಬೇಕಾಗುತ್ತೆ. ಚಿಕ್ಕದೇ ಇರಲಿ ಬಿಡಿ."

ಮ್ಯಾನೇಜರ್ ಒಪ್ಪಬೇಕಲ್ಲ! "ಇಪ್ಪತ್ತಮೂರು ಆಳೆತ್ತರ, ಒಂದು ಅಂಗೈಯಗಲ ಅಂದ್ರೆ ಜನ ಏನಂತಾರೆ ಸಾರ್?" ಎಂದು ಕೂಗಾಡಿದರು. ಅಳಿಯ ಆ ಚಿಕ್ಕ ಪ್ರಿಂಟನ್ನು ಅವರ ಕೈಗೇ ಕೊಟ್ಟ. ಅವರು ಕಣ್ಣ ಹತ್ತಿರ ಹಿಡಿದು ನೋಡಿದರು. ಮುಖ ತಾನಾಗಿ ಸಡಿಲವಾಯಿತು, ಅವರೂ ನಕ್ಕರು. "ಥೇಟ್ ಅವನೇ," ಎಂದು ಒಪ್ಪಿಗೆಯ ಸಹಿ ಹಾಕಿದರು.

ಹಜಾರದಲ್ಲಿ ಚಿತ್ರಗಳು ಏರಿದ ದಿನ ಅತ್ತೆಯೂ ಬಂದಿದ್ದರು. ಪ್ರಯಾಣಿಕರು ದೊಡ್ಡ ಮುಖಗಳನ್ನು ನೋಡಲು ಹಿಂದಕ್ಕೆ ಸರಿದು ನಿಲ್ಲುತ್ತಿದ್ದರು. ಚಿಕ್ಕದರ ಮುಂದೆ ಮಾತ್ರ ಬಗ್ಗುತ್ತಿದ್ದರು, ಬಗ್ಗಿದವರು ನಗುತ್ತ ಏಳುತ್ತಿದ್ದರು. ಟೈರಿನವನು ಸೊಂಟಕ್ಕೆ ಕೈಯಿಟ್ಟು, "ಇಡೀ ಡಿಪೋದಲ್ಲಿ ನಾನೇ ದಪ್ಪ, ನನ್ನನ್ನೇ ಪುಟಾಣಿ ಮಾಡಿದ್ರಲ್ಲ!" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಸೀಟು ಹೊಲಿಯುವಾಕೆ ತನ್ನ ತಂಗಿಯನ್ನು ಕರೆದುಕೊಂಡು ಬಂದಳು. ಅಳಿಯ ಅತ್ತೆಯ ಪಕ್ಕಕ್ಕೆ ಸರಿದು ನಿಂತ. ಅವಳು ತನ್ನ ಚಿತ್ರದ ಮುಂದೆ ನಿಂತಳು. ಅದೇ ಮುಖ, ಅದೇ ವಯಸ್ಸು. ಒಂದು ಸುಕ್ಕನ್ನೂ ಯಾರೂ ಒರೆಸಿರಲಿಲ್ಲ. ಆದರೆ ಬೆಳಕು ಅದರ ಮೇಲೆ ಮೆತ್ತಗೆ ಕೂತಿತ್ತು. ಕಣ್ಣು ಸೂಜಿಯ ಮೇಲಿತ್ತು, ಸೂಜಿ ಹೊಳೆಯುತ್ತಿತ್ತು.

ಅವಳು ತಂಗಿಯ ತೋಳು ಹಿಡಿದೆಳೆದು ಚಿತ್ರದ ಕೆಳಭಾಗ ತೋರಿಸಿದಳು. "ಹೊಲಿಗೆ ನೋಡೇ. ಎಷ್ಟು ನೇರ ಬಂದಿದೆ! ಒಂದೊಂದು ಹೊಲಿಗೆನೂ ಎಣಿಸಬಹುದು."

"ನಿನ್ನ ಮುಖ ನೋಡೋಕೆ ಕರ್ಕೊಂಡು ಬಂದೆ ಅಂದ್ಕೊಂಡ್ರೆ..." ಎಂದು ತಂಗಿ ನಕ್ಕಳು.

"ಮುಖ ದಿನಾ ನೋಡ್ತೀಯಲ್ಲ," ಎಂದಳು ಅವಳು.

ಅಳಿಯ ಮುಂದೆ ಹೋಗಿ ಅತ್ತೆಯನ್ನು ತೋರಿಸಿ, "ಇದನ್ನ ಮಾಡಿದ್ದು ಇವರು," ಎಂದ. ಸೀಟು ಹೊಲಿಯುವಾಕೆ ಅತ್ತೆಯ ಕೈ ಹಿಡಿದು, ದಾರದ ತುದಿಯಲ್ಲಿ ಹಾಕಿದ ಗಂಟು ಕೂಡ ಕಾಣುತ್ತಿದೆಯಲ್ಲ, ಅದು ಹೇಗೆ ಸಿಕ್ಕಿತು ಎಂದು ಕೇಳಿದಳು. ಅದು ಎಂಥ ಗಂಟು, ಬಿಚ್ಚಿಕೊಳ್ಳುವುದಿಲ್ಲವೇ ಎಂದು ಅತ್ತೆ ತಿರುಗಿ ಕೇಳಿದರು. ಮಾತು ಮುಗಿಯುವ ಹಾಗೆ ಕಾಣಲಿಲ್ಲ. ಮನೆಗೆ ಹೋಗುವ ಬಸ್ಸು ಬಂತು, ನಿಂತಿತು, ಹೊರಟೂ ಹೋಯಿತು. ಅಳಿಯ ಕರೆಯಲಿಲ್ಲ. ಇಬ್ಬರೂ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು ಬೆರಳಿಟ್ಟು ಹೊಲಿಗೆ ಎಣಿಸುತ್ತಿದ್ದುದನ್ನು ನೋಡುತ್ತ, ಮುಂದಿನ ಬಸ್ಸಿಗಾದರೆ ಆಯಿತೆಂದು ಬೆಂಚಿನ ಮೇಲೆ ಕೂತ.