ಸೋಲರಿಯದ ಮನೆಯ ಓಟು

ಮತದಾನದ ದಿನ ಬೆಳಿಗ್ಗೆ ಮಾವನವರು ಇಸ್ತ್ರಿ ಅಂಗಿ ತೊಟ್ಟು ಮೇಜಿನ ಮುಂದೆ ಕುಳಿತರೆಂದರೆ ಕ್ಷೇತ್ರದ ಚರಿತ್ರೆ ಶುರುವಾಯಿತೆಂದೇ ಅರ್ಥ. ಕಡಲಂಚಿನ ಬಡಾವಣೆಗಳನ್ನು ನಗರದಿಂದ ಬಿಡಿಸಿ ಹೊಸ ಕ್ಷೇತ್ರ ಮಾಡಿದ್ದು, ಮೊದಲ ಸಲ ಬಂದರಿನ ಮುಖಂಡ ಗೆದ್ದದ್ದು, ಸೇತುವೆ ಬಂದ ಮೇಲೆ ರೈಲುಹಳಿಯಾಚೆಯವರು ಗಾಳಿಯನ್ನೇ ತಿರುಗಿಸಿದ್ದು, ಎಲ್ಲವೂ ಅವರಿಗೆ ಬಾಯಿಪಾಠ. ಕೊನೆಗೆ ಒಂದೇ ಮಾತು: "ಈ ಮನೆ ಓಟು ಇವತ್ತಿನವರೆಗೂ ಸೋತಿಲ್ಲ." ಆಮೇಲೆ ಯಾರಿಗೆ ಹಾಕಬೇಕೆಂಬ ಅಪ್ಪಣೆ.

ಸೊಸೆಯ ಹೊಲಿಗೆ ಅಂಗಡಿ ಕಡಲ ಬೀದಿಯಲ್ಲಿತ್ತು. ಕಳೆದ ಮಳೆಗಾಲದಲ್ಲಿ ಉಪ್ಪುನೀರು ನುಗ್ಗಿ ಮೆಷಿನ್ನಿಗೆ ತುಕ್ಕು ಹಿಡಿದಿತ್ತು. ಇನ್ನೊಮ್ಮೆ ನುಗ್ಗಿದರೆ ಬಾಗಿಲು ಮುಚ್ಚುವುದೇ ಸೈ. ತಡೆಗೋಡೆಯ ಮಾತೆತ್ತಿದ ಅಭ್ಯರ್ಥಿ ಒಬ್ಬಳೇ, ನಿವೃತ್ತ ನರ್ಸು.

ಚಹಾ ಬಗ್ಗಿಸುತ್ತ ಸೊಸೆ ಧೈರ್ಯ ಮಾಡಿದಳು. "ಮಾವ, ಈ ಸಲ ನಾನು ನರ್ಸಮ್ಮನಿಗೆ ಹಾಕ್ತೀನಿ."

"ಆಕೆಗೆ ಠೇವಣಿ ಉಳಿದ್ರೆ ಅದೇ ದೊಡ್ಡದು! ಹೊಳೇಲಿ ಹುಣಿಸೆಹಣ್ಣು ತೊಳೆದ ಹಾಗೆ."

"ನೀರು ನುಗ್ಗಿದಾಗ ಗೆದ್ದೋರು ಯಾರೂ ಬಕೆಟ್ ಹಿಡ್ಕೊಂಡು ಬರ್ಲಿಲ್ಲ."

"ಗೆದ್ದೋರ ಹತ್ರ ಹೋಗಿ 'ನಾವು ನಿಮ್ಮೋರು' ಅನ್ನೋಕೆ ಮುಖ ಬೇಕಲ್ಲಮ್ಮ? ನಮ್ಮ ಬೀದಿ ದೀಪ ಸುಮ್ನೆ ಬಂತು ಅಂದ್ಕೊಂಡ್ಯಾ?"

ಅದೂ ಸುಳ್ಳಲ್ಲ. ಗಂಡ ಪೇಪರಿನ ಹಿಂದೆ ಮುಖ ಮರೆಸಿಕೊಂಡ. ಕನ್ನಡಕ ಒರೆಸುತ್ತಿದ್ದ ಅತ್ತೆ ಮಾತ್ರ ತಲೆಯೆತ್ತದೆ ಅಂದರು: "ಅವಳನ್ನ ಯಾಕೆ ಗದರಿಸ್ತೀರಿ? ನನ್ನ ಓಟು ಸೇತುವೆ ಎಲೆಕ್ಷನ್ನಿಂದಲೂ ಸೋಲ್ತಾನೇ ಇದೆ."

ಮಾವನವರ ಲೋಟ ಅರ್ಧಕ್ಕೇ ನಿಂತಿತು. "ಏನಂದೆ?"

"ಆ ಬಡ ಮೇಷ್ಟ್ರು ನಿಂತಾಗೆಲ್ಲ ಅವರಿಗೇ ಹಾಕ್ತಿದ್ದೆ. ಅವರು ಹೋದ್ಮೇಲೆ ಅವರ ತಂಗಿಗೆ. ಬೀದಿಗೆ ನಲ್ಲಿ ಬೇಕು ಅಂದೋರು ಅವರೇ ತಾನೆ?"

"ಇಷ್ಟು ವರ್ಷ ನಂಗೊಂದು ಮಾತು ಹೇಳ್ಲಿಲ್ವಲ್ಲೇ!"

"ಹೇಳಿದ್ರೆ ನಿಮ್ಮ ಚರಿತ್ರೆ ಕೆಡ್ತಿತ್ತು. ಅಷ್ಟು ಚೆನ್ನಾಗಿ ಹೇಳ್ತೀರಿ, ಪಾಪ."

ಪೇಪರಿನ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿತು. ಮಾವನವರು ನಗಲಿಲ್ಲ, ಆದರೆ ಅಪ್ಪಣೆಯನ್ನೂ ಕೊಡಲಿಲ್ಲ.

ಅವರು ಪ್ರತಿ ಸಲ ಮೊದಲು ಓಟು ಹಾಕಿ, ಮತಗಟ್ಟೆಯಾದ ಶಾಲೆಯ ಗೇಟಿನಲ್ಲಿ ಕಾಯುವರು. ಹೊರಬಂದವರನ್ನು "ನಾನು ಹೇಳಿದವರಿಗೇ ತಾನೆ?" ಎಂದು ಕೇಳಿಯೇ ಮನೆಯ ದಾರಿ ಹಿಡಿಯುವರು. ಈ ಸಲವೂ ಅಲ್ಲೇ ನಿಂತಿದ್ದರು. ಬೆರಳಿನ ಶಾಯಿ ಆರುವ ಮೊದಲೇ ಸೊಸೆ ಅತ್ತೆಯೊಡನೆ ಅವರೆದುರು ಬಂದಳು. ಏನು ಹೇಳಲಿ?

ಮಾವನವರು ಬಾಯಿ ತೆರೆದರು. ಯಾಕೋ ಕಡಲಿನ ಕಡೆ ನೋಡಿದರು. ಆಮೇಲೆ ಕೊಡೆ ಬಿಚ್ಚಿ ಅತ್ತೆ ಸೊಸೆಯರ ತಲೆಯ ಮೇಲೆ ಹಿಡಿದರು.

"ಕ್ಯೂ ಉದ್ದ ಇತ್ತಾ?"

"ಇತ್ತು ಮಾವ."

"ಬಿಸಿಲು ಜಾಸ್ತಿ, ನಡೀರಿ. ಹೋಗ್ತಾ ಆ ನಿನ್ನ ಅಂಗಡಿ ಹೊಸ್ತಿಲು ನೋಡೋಣ. ಗೋಡೆ ಬರೋವರೆಗೆ ಎರಡು ಇಟ್ಟಿಗೆ ಎತ್ತರಿಸ್ಬಹುದೇನೋ."