ಎಲ್ಲರ ಬಟ್ಟೆಯ ಬೊಂತೆ

ನಮ್ಮ ಮನೆಯಲ್ಲಿ ಅಕ್ಕನ ಹೆಸರು ಎತ್ತಿ ಎಂಟು ವರ್ಷವಾಗಿತ್ತು. ಎತ್ತಬಾರದು ಎಂದು ಅಪ್ಪ ಒಂದೇ ಸಲ ಹೇಳಿದ್ದರು. ಅಪ್ಪ, ಅಂದರೆ ಕಲ್ಯದ ಮುನಿಯಪ್ಪ, ಒಂದು ಮಾತನ್ನು ಎರಡು ಸಲ ಹೇಳುವವರಲ್ಲ, ಹೇಳಿದ್ದನ್ನು ವಾಪಸ್ಸು ತೆಗೆದುಕೊಳ್ಳುವವರೂ ಅಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನನಗೂ ಅದೇ ಗುಣ ಬಂದಿದೆ ಎಂದು ಅವ್ವ ಹೇಳುತ್ತಾಳೆ. ಅದು ಸುಳ್ಳು. ನನ್ನ ಮೊಲಕ್ಕೆ ಒಂದೊಂದು ಸಲ ನಾಲ್ಕು ಕಾಲೂ ಇರುತ್ತವೆ.

ಅಕ್ಕ ಮಮತಾ, ನಮ್ಮ ಜನವಲ್ಲದ ಮುನೇಶನನ್ನು ಕನಕಪುರದಲ್ಲಿ ರಿಜಿಸ್ಟರ್ ಮದುವೆಯಾಗಿ ಉಯ್ಯಂಬಳ್ಳಿಗೆ ಹೋದಳು. ಅದೇನು ಕಾಶಿಯಲ್ಲ. ಬೆಳಿಗ್ಗೆ ಹೊರಟು ಬಸ್ಸು ಬದಲಾಯಿಸಿಕೊಂಡು ಹೋದರೆ ಮಧ್ಯಾಹ್ನದ ಊಟಕ್ಕೆ ಸೇರಬಹುದು. ನಾನು ವರ್ಷಕ್ಕೆ ಎರಡು ಸಲ ಶಾಲೆಯ ಟ್ರೈನಿಂಗು ಅಂತ ಸುಳ್ಳು ಹೇಳಿ ಹೋಗಿ ಬರುತ್ತೇನೆ. ಅವ್ವ ಒಂದು ಸಲವೂ ಹೋಗಿಲ್ಲ. ಅಕ್ಕನ ಮಗಳು ಸುಮನಾಗೆ ಈಗ ನಾಲ್ಕು ವರ್ಷ. ಅವ್ವ ಆ ಮಗುವನ್ನು ನೋಡಿರುವುದು ನನ್ನ ಫೋನಿನಲ್ಲಿ ಮಾತ್ರ, ಅದೂ ಅಡುಗೆಮನೆಯಲ್ಲಿ ಒಲೆಗೆ ಮುಖ ಹಾಕಿ ಕೂತು.

ನನಗೆ ಬೇಕಾಗಿದ್ದು ಒಂದೇ. ಅಕ್ಕ ಒಂದು ಸಲ ನಮ್ಮ ಜಗಲಿಯ ಮೇಲೆ ಬಂದು ಕೂರಬೇಕು. ಅದಕ್ಕಿಂತ ಹೆಚ್ಚಿನದನ್ನು ಕೇಳುವ ಧೈರ್ಯ ನನಗಿರಲಿಲ್ಲ.

ನಾನು ಮಾಗಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್, ಮಕ್ಕಳಿಗೆ ಪ್ರತಿಮಾ ಮಿಸ್. ವಾರವೆಲ್ಲ ಮಕ್ಕಳ ಜೊತೆ ಕೂಗಾಡಿ, ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಕಲ್ಯಕ್ಕೆ ಬಂದುಬಿಡುತ್ತೇನೆ. ಬರುವುದು ಅಪ್ಪ ಅವ್ವನನ್ನು ನೋಡಲು ಅಂತ ನನ್ನ ಗಂಡ ಮಹೇಂದ್ರ ತಿಳಿದುಕೊಂಡಿದ್ದಾರೆ. ಅರ್ಧ ನಿಜ. ಇನ್ನರ್ಧ ನನ್ನ ಬಳೆಗೋಸ್ಕರ.

ಬಳೆ ಎಂದರೆ ಕೈಗೆ ಹಾಕುವ ಬಳೆಯಲ್ಲ. ತಟ್ಟೆಯಷ್ಟು ಅಗಲದ ಒಂದು ಮರದ ಬಳೆ, ಅದರ ಸುತ್ತ ಮೂವತ್ತಾರು ಪುಟ್ಟ ಗೂಟಗಳು. ಉಲ್ಲನ್ ದಾರವನ್ನು ಗೂಟಗಳಿಗೆ ಎರಡು ಸುತ್ತು ಸುತ್ತಬೇಕು, ಕೊಕ್ಕೆಯಿಂದ ಕೆಳಗಿನ ಎಳೆಯನ್ನು ಎತ್ತಿ ಮೇಲಿನ ಎಳೆಯ ಮೇಲಿಂದ ದಾಟಿಸಬೇಕು. ಹೀಗೆ ಸುತ್ತಿ ಸುತ್ತಿ ದಾಟಿಸುತ್ತ ಹೋದರೆ ಬಳೆಯ ಕೆಳಗಡೆಯಿಂದ ಟೋಪಿ ಇಳಿಯುತ್ತದೆ. ಫೋನಿನಲ್ಲಿ ಇಂಥದ್ದನ್ನು ಪ್ಲಾಸ್ಟಿಕ್ಕಿನಲ್ಲಿ ನೋಡಿ, ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಗಂಗಹನುಮಯ್ಯನವರಿಗೆ ತೋರಿಸಿ, ಮರದಲ್ಲಿ ಮಾಡಿಕೊಡಿ ಎಂದಿದ್ದೆ. ಅವರು ಕೆಂಪು, ಹಳದಿ ಅರಗು ಹಚ್ಚಿ ಫಳಫಳ ಹೊಳೆಯುವ ಹಾಗೆ ಮಾಡಿದ್ದರು. ಆಟದ ಸಾಮಾನು ಅಂದುಕೊಂಡು, ಮಕ್ಕಳು ಎಳೆದುಕೊಂಡು ಓಡಾಡಲು ಒಂದು ದಾರವನ್ನೂ ಕಟ್ಟಿಕೊಟ್ಟಿದ್ದರು. ಆ ದಾರವನ್ನು ನಾನು ಇನ್ನೂ ಬಿಚ್ಚಿಲ್ಲ.

ಈ ಕೆಲಸದಲ್ಲಿ ಏನು ಸುಖ ಎಂದು ಕೇಳುವವರಿಗೆ ಹೇಳಲು ನನಗೆ ಬರುವುದಿಲ್ಲ. ಮೂವತ್ತಾರು ಗೂಟ ಮುಗಿದರೆ ಮತ್ತೆ ಮೊದಲನೆಯ ಗೂಟ. ಯಾರೂ ಮಾರ್ಕ್ಸ್ ಕೇಳುವುದಿಲ್ಲ, ತಪ್ಪಾದರೆ ಒಂದು ಎಳೆ ಜಗ್ಗಿ ಬಿಚ್ಚಿ ಮತ್ತೆ ಹಾಕಬಹುದು. ಬದುಕಿನಲ್ಲಿ ಬೇರೆ ಯಾವುದನ್ನೂ ಅಷ್ಟು ಸುಲಭವಾಗಿ ಬಿಚ್ಚಿ ಹಾಕಲು ಆಗಿಲ್ಲ.

ಅವ್ವನದು ಬೊಂತೆ, ಚಳಿಗೆ ಹೊದೆಯುವ ಕೌದಿ. ಹಳೆಯ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಮೂಲೆಗೆ ನಾಲ್ಕು ಗುಂಡುಕಲ್ಲಿಟ್ಟು, ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿನವರೆಗೆ ಹೊಲಿಯುತ್ತಾಳೆ. ಕೂತಲ್ಲಿಂದ ಏಳದೆ, ತಾನೇ ಬೊಂತೆಯ ಮೇಲೆ ಕೂತು, ಹೊಲಿದಷ್ಟು ಹೊಲಿದಷ್ಟು ಮುಂದೆ ಸರಿಯುತ್ತಾಳೆ. ನಮ್ಮವ್ವ ಚಿಕ್ಕಲಕ್ಷ್ಮಮ್ಮನ ಹೊಲಿಗೆ ಎಂದರೆ ಇರುವೆ ಸಾಲು ಹೋದ ಹಾಗೆ. ಊರಿನ ಹೆಂಗಸರು ಅದನ್ನು ಮುಟ್ಟಿ ನೋಡಿ ಹೋಗುತ್ತಾರೆ. ಮನೆಯವರೆಲ್ಲರ ಬಟ್ಟೆ ಬೀಳದೆ ಹೋದರೆ ಬೊಂತೆ ಬೆಚ್ಚಗಾಗುವುದಿಲ್ಲ ಎನ್ನುವುದು ಅವಳ ಲೆಕ್ಕ. ಹತ್ತಿಯ ಪದರ ಹೆಚ್ಚಾದಷ್ಟೂ ಗಾಳಿ ಹಿಡಿಯುತ್ತದೆ, ಅದಕ್ಕೇ ಬೆಚ್ಚಗಿರುತ್ತದೆ ಎಂದು ನಾನು ವಿಜ್ಞಾನ ಹೇಳಿದರೆ, "ನಿನ್ ಗಾಳಿ ನೀನೇ ಹೊದ್ಕೊ" ಎನ್ನುತ್ತಾಳೆ.

ನನ್ನ ಬಳೆಯ ಬಗ್ಗೆಯೂ ಅವಳಿಗೆ ಗೌರವ ಅಷ್ಟಕ್ಕಷ್ಟೆ.

"ಸೂಜಿ ಇಲ್ದೆ ಹೆಣ್ಯೋದು, ಹಲ್ಲಿಲ್ದೆ ಉಂಡಂಗೆ."

"ಮುದ್ದೆಗೆ ಹಲ್ಲು ಯಾಕವ್ವ ಬೇಕು?"

"ಆ ನಾಲ್ಗೆಗೊಂದು ಗೂಟ ಹಾಕ್ಕೊ ಮೊದ್ಲು."

ಹೀಗೆ ಬೈದಾಡಿಕೊಂಡು ಇಬ್ಬರೂ ಜಗಲಿಯ ಮೇಲೆ ಎದುರುಬದುರು ಕೂತರೆ ಸಂಜೆ ಬಸ್ಸಿನ ಹಾರ್ನ್ ಕೇಳುವವರೆಗೂ ಏಳುತ್ತಿರಲಿಲ್ಲ. ಮೊದಲು ಅಲ್ಲಿ ಮೂವರು ಕೂರುತ್ತಿದ್ದೆವು. ಸೂಜಿಗೆ ದಾರ ಪೋಣಿಸುವುದು ಅಕ್ಕನ ಕೆಲಸವಾಗಿತ್ತು. ಈಗ ಅವ್ವನಿಗೆ ಕಣ್ಣು ಸಾಲದು, ದಾರದ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ನಾಲ್ಕು ಸಲ ತಪ್ಪಿಸಿ, ಐದನೆಯ ಸಲ ನನ್ನ ಕಡೆ ಚಾಚುತ್ತಾಳೆ. ಪ್ರತಿ ಸಲವೂ ಕೈ ಮೊದಲು ಹೋಗುವುದು ಅಕ್ಕ ಕೂರುತ್ತಿದ್ದ ಕಂಬದ ಕಡೆಗೆ. ನಾನು ನೋಡಿಯೂ ನೋಡದವಳ ಹಾಗೆ ಸೂಜಿ ಇಸಿದುಕೊಳ್ಳುತ್ತೇನೆ.

ನಾನು ಹೆಣೆಯುತ್ತಿದ್ದ ಟೋಪಿ ಯಾರಿಗೆ ಎಂದು ಅವ್ವ ಕೇಳಲಿಲ್ಲ. ಒಂದು ಭಾನುವಾರ ಅಟ್ಟದಿಂದ ಒಂದು ತೆಂಗಿನಕಾಯಿ ತಂದು ನನ್ನ ಮುಂದೆ ಇಟ್ಟಳು.

"ಇಷ್ಟಿದ್ದಾದಾ?"

ಸುಮನಾಳ ತಲೆಯ ಅಳತೆ ಕೇಳುತ್ತಿದ್ದಾಳೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಇನ್ನೂ ದಪ್ಪ ಎಂದೆ. ಒಳಗೆ ಹೋಗಿ ಸಿಪ್ಪೆ ಅರ್ಧ ಸುಲಿದ ಇನ್ನೊಂದನ್ನು ತಂದಳು. ಟೋಪಿಯನ್ನು ಅದಕ್ಕೆ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿದಳು. "ಕಿವಿ ಮುಚ್ಬೇಕು, ಒಸಿ ಉದ್ದ ಮಾಡು" ಎಂದಳು. ಆ ಕಾಯನ್ನು ಅವ್ವ ಆಮೇಲೆ ಒಡೆಯಲೂ ಇಲ್ಲ, ಮಾರಲೂ ಇಲ್ಲ. ಯಾರಿಗೆ ಟೋಪಿ ಎಂದು ಅಪ್ಪ ಕೇಳಿದಾಗ "ಶಾಲೆ ಮಕ್ಳಿಗೆ" ಎಂದೆ. ಅಪ್ಪ ಹ್ಞೂಂ ಎಂದರು.

ಇನ್ನು ಅಪ್ಪನ ಬೊಂತೆಯ ಕತೆ. ಅಕ್ಕ ಮನೆ ಬಿಟ್ಟ ವಾರವೇ ಅವಳ ಬಟ್ಟೆ ಒಂದು ಚೂರೂ ಮನೆಯಲ್ಲಿ ಇರಕೂಡದು ಎಂದು ಅಪ್ಪ ಹೇಳಿದ್ದರು. ಹಳೆ ಬಟ್ಟೆಗೆ ಪಾತ್ರೆ ಕೊಡುವವನಿಗೆ ಎಲ್ಲವನ್ನೂ ಹಾಕಿದೆ ಎಂದು ಅವ್ವ ಒಂದು ದೊಡ್ಡ ಸ್ಟೀಲ್ ಬೋಸಿ ತೋರಿಸಿದಳು. ಆ ಚಳಿಗಾಲದಲ್ಲೇ ಅಪ್ಪನಿಗೆ ಹೊಸ ಬೊಂತೆ ಹೊಲಿದಳು. ಅದರಲ್ಲಿ ತನ್ನ ಸೀರೆ, ನನ್ನ ಚೂಡಿದಾರದ ವೇಲು, ಅಪ್ಪನ ಪಂಚೆ ಇದ್ದವು. ಅವಳ ಬೊಂತೆಗಳಲ್ಲಿ ಒಬ್ಬರ ಬಟ್ಟೆ ಬಿಟ್ಟು ಹೊಲಿದದ್ದು ಅದೊಂದೇ ಎಂದು ನಾನು ಆಗ ಅತ್ತಿದ್ದೆ. ಅಪ್ಪ ಮಾತ್ರ ಅಂದಿನಿಂದ ಬೇರೆ ಹೊದಿಕೆ ಮುಟ್ಟಿಲ್ಲ. ಬೇಸಿಗೆಯಲ್ಲೂ ಅದೇ ಬೇಕು. ಹಾಸುವಾಗ ಅವ್ವ ತಲೆಯ ಕಡೆಯದನ್ನು ಕಾಲ ಕಡೆಗೆ ಮಾಡಿದರೆ, "ತಲೆ ಯಾವ್ದು ಕಾಲ್ಯಾವ್ದು ಗೊತ್ತಾಗಲ್ವಾ" ಎಂದು ರೇಗಿ ತಾವೇ ತಿರುಗಿಸಿಕೊಳ್ಳುತ್ತಿದ್ದರು. ಬೊಂತೆಗೆ ಎಲ್ಲಿಯ ತಲೆ, ಎಲ್ಲಿಯ ಕಾಲು ಎಂದು ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು.

ಈ ಜನವರಿಯ ಹೊತ್ತಿಗೆ ಆ ಬೊಂತೆ ಅಂಚಿನಲ್ಲೆಲ್ಲ ಹರಿದಿತ್ತು. ಅವ್ವ ಅದರ ಮೇಲೆ ಹೊಸ ಹೊದಿಕೆ ಹೊಲಿಯಲು ಕೂತಳು. ಹಳೆಯ ಬೊಂತೆಯನ್ನು ಬಿಚ್ಚುವ ಪದ್ಧತಿ ನಮ್ಮಲ್ಲಿಲ್ಲ, ಮೇಲಿಂದ ಮೇಲೆ ಬಟ್ಟೆ ಹಾಕಿ ಹೊಲಿದುಕೊಂಡು ಹೋಗುವುದಷ್ಟೆ. ನನಗೆ ಅದು ಗೊತ್ತಿತ್ತು. ಅವ್ವ ಸೊಪ್ಪು ಕೊಯ್ಯಲು ಹಿತ್ತಲಿಗೆ ಹೋಗುವಾಗ, "ಒಸಿ ನೋಡ್ಕೊ, ಕೈ ಇಕ್ಬ್ಯಾಡ" ಎಂದು ಹೇಳಿಯೂ ಹೋಗಿದ್ದಳು. ಆದರೆ ಒಂದು ಮೂಲೆ ಗಂಟುಗಂಟಾಗಿ ದಪ್ಪವಾಗಿತ್ತು, ನನಗೆ ಹಾಗೆ ವಕ್ರವಾಗಿರುವುದನ್ನು ಕಂಡರೆ ಮೈ ಉರಿಯುತ್ತದೆ. ಒಳಗಿನ ಬಟ್ಟೆ ಮುದುಡಿಕೊಂಡಿದೆ, ಎಳೆದು ಸರಿಮಾಡೋಣ ಅಂದುಕೊಂಡು ಬ್ಲೇಡಿನಿಂದ ಒಂದು ಗೇಣು ಹೊಲಿಗೆ ಬಿಚ್ಚಿದೆ. ಅಪ್ಪ ನನ್ನಿಂದ ಎರಡು ಮಾರು ಆಚೆ ಅವರೆಕಾಯಿ ಸುಲಿಯುತ್ತ ಕೂತಿದ್ದರು.

ಪಂಚೆಯ ಪದರದ ಕೆಳಗಿಂದ ಗಿಳಿಹಸಿರು ಬಣ್ಣ ಇಣುಕಿತು. ಬೆರಳು ಹಾಕಿ ಎಳೆದೆ. ಜರಿ ಅಂಚು ಬಂತು.

ಅಕ್ಕನ ಲಂಗ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ಅಪ್ಪ ತಂದುಕೊಟ್ಟಿದ್ದು. ನನಗೆ ಅಂಥದ್ದೇ ಬೇಕು ಎಂದು ನಾನು ಎರಡು ದಿನ ಉಣ್ಣದೆ ಹಟ ಮಾಡಿದ್ದು. ಎಂಟು ವರ್ಷ ಬೆಳಕು ಕಾಣದ್ದರಿಂದ ಬಣ್ಣ ಅಂಗಡಿಯಿಂದ ಈಗ ತಂದ ಹಾಗಿತ್ತು. ಮುಚ್ಚಿಬಿಡಬೇಕು ಎಂದು ನನಗೆ ಹೊಳೆಯುವಷ್ಟರಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು.

ಅಪ್ಪ ನೋಡುತ್ತಿದ್ದರು. ಈಗ ಬೊಂತೆ ಬೀದಿಗೆ ಬೀಳುತ್ತದೆ, ಅವ್ವನ ಸುಳ್ಳು ಬಯಲಾಗುತ್ತದೆ, ಉಳಿದದ್ದೂ ಹೋಯಿತು ಎಂದುಕೊಂಡೆ. ಎಲ್ಲ ನನ್ನ ಕೈ ಸುಮ್ಮನಿರದೆ ಮಾಡಿದ ಕೆಲಸ.

"ಅದ್ಯಾಕವ್ವ ಬಿಚ್ಚೋಕ್ಕೋದೆ?" ಎಂದು ಅಪ್ಪ ನನ್ನನ್ನು ಕೇಳಿದರು. "ಬಿಸ್ಲು ಬಿದ್ರೆ ಬಣ್ಣ ಹೋಯ್ತದೆ."

ಅವ್ವ ಮಡಿಲಲ್ಲಿ ಸೊಪ್ಪು ತುಂಬಿಕೊಂಡು ಬಂದವಳು ಬಾಗಿಲಲ್ಲೇ ನಿಂತಳು. ಲಂಗ ನೋಡಿದಳು, ಅಪ್ಪನನ್ನು ನೋಡಿದಳು.

"ಅದು... ದಪ್ಪಕ್ಕೆ ಅಂತ ಒಂದು ಚೂರು ಇಕ್ಕಿದ್ದೆ."

"ಚೂರಲ್ಲ, ಇಡೀ ಲಂಗ ಐತೆ," ಎಂದರು ಅಪ್ಪ. "ಹೊದ್ದ ಮೊದಲ್ನೇ ದಿನನೇ ಗೊತ್ತಾಯ್ತು. ಜರಿ ಕೈಗೆ ಒರಟಾಗಿ ಸಿಕ್ತದೆ. ಮಾಗಡೀಲಿ ಅಂಗಡಿ ಅಂಗಡಿ ಸುತ್ತಿ ತಂದೋನು ನಾನು, ನಂಗೊತ್ತಾಗಲ್ವಾ?"

"ಗೊತ್ತಿದ್ದೂ ಸುಮ್ಕಿದ್ರಾ?"

"ನೀನೂ ಸುಮ್ಕಿದ್ದಲ್ಲ."

ತಲೆಯ ಕಡೆ, ಕಾಲ ಕಡೆ ಎಂದು ಅವರು ರೇಗುತ್ತಿದ್ದುದು ಯಾಕೆ ಎಂದು ನನಗೆ ಆಗ ಅರ್ಥವಾಯಿತು. ಆ ಮೂಲೆ ಎದೆಯ ಹತ್ತಿರ ಬರಬೇಕಿತ್ತು. ನನಗೆ ಅಳು ಬರಲಿಲ್ಲ, ಕೋಪ ಬಂತು. ಒಬ್ಬರು ಮಗಳ ಲಂಗ ಬಚ್ಚಿಟ್ಟು ಹೊಲಿಯುವುದು, ಇನ್ನೊಬ್ಬರು ಗೊತ್ತಿಲ್ಲದವರ ಹಾಗೆ ಅದನ್ನೇ ಹೊದ್ದು ಮಲಗುವುದು. ಎಂಟು ವರ್ಷ ಒಂದೇ ಸೂರಿನ ಕೆಳಗಿದ್ದು ಒಬ್ಬರಿಗೊಬ್ಬರು ಒಂದು ಮಾತು ಆಡಲಿಲ್ಲವಲ್ಲ. ಈ ನಡುವೆ ಆ ಮಗು ಹುಟ್ಟಿ, ನಡೆದು, ಮಾತು ಕಲಿತು, ಫೋನಿನಲ್ಲಿ ನನ್ನನ್ನು ಚಿಕ್ಕಮ್ಮ ಅನ್ನುತ್ತದೆ. ಇದನ್ನೆಲ್ಲ ಕೂಗಿ ಹೇಳಬೇಕೆಂದು ಬಾಯಿ ತೆರೆದೆ.

ಅಪ್ಪ ಮತ್ತೆ ಅವರೆಕಾಯಿಗೆ ಕೈ ಹಾಕಿದರು. "ಮ್ಯಾಲಕ್ಕೆ ಏನೇನು ಹಾಕ್ತೀಯ?" ಎಂದು ಅವ್ವನನ್ನು ಕೇಳಿದರು.

"ನಂದೊಂದು ಸೀರೆ. ಪ್ರತಿಮಂದು ಒಂದು. ನಿಮ್ ಪಂಚೆ."

"ಎಲ್ಲಾರ್ದೂ ಬೀಳ್ಬೇಕು ಅಂತಿದ್ದಲ್ಲ ನೀನು."

ಅವ್ವ ಸೊಪ್ಪಿನ ಮಡಿಲು ಹಿಡಿದು ಹಾಗೇ ನಿಂತಿದ್ದಳು. ಅಪ್ಪ ಕೈಯಲ್ಲಿದ್ದ ಕಾಯಿಗೆ ಹೇಳುವವರ ಹಾಗೆ ಹೇಳಿದರು, "ಹೊಸದೇನ್ ಬ್ಯಾಡ. ಹಳೇದೇ ಸಾಕು, ಮೆತ್ತಗಿರೋದು."

ಇನ್ನೊಂದು ಗಳಿಗೆ ಬಿಟ್ಟರೆ ಮೊಲ ಮತ್ತೆ ಮೂರು ಕಾಲಿನ ಮೇಲೆ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಫೋನು ತೆಗೆದು, ಅವರ ಎದುರಿಗೇ ಅಕ್ಕನಿಗೆ ಹಚ್ಚಿ, ಸ್ಪೀಕರ್ ಹಾಕಿ ಜಗಲಿಯ ಮೇಲೆ ಇಟ್ಟೆ. ಯಾರೂ ಬೇಡ ಎನ್ನಲಿಲ್ಲ.

"ಏನಮ್ಮಿ, ಭಾನ್ವಾರ ಊರಲ್ಲಿರ್ತೀಯ, ಈಗ ಫೋನ್ ಮಾಡಿದ್ದೀಯ?" ಎಂದಳು ಅಕ್ಕ.

"ಊರಲ್ಲೇ ಇವ್ನಿ. ಅಪ್ಪನ ಬೊಂತೆಗೆ ಹೊಸ ಹೊದಿಕೆ ಹಾಕ್ತಾವ್ರೆ. ನಿಂದೊಂದು ಹಳೇ ಸೀರೆ ಬೇಕಂತೆ."

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು. "ಯಾರಿಗೆ ಬೇಕಂತೆ? ಅವ್ವಂಗಾ?"

"ಅಪ್ಪಂಗೆ."

ಬೀದಿಯಲ್ಲಿ ಹಾಲಿನ ಗಾಡಿ ಬಂದು, ನಿಂತು, ಮುಂದಕ್ಕೆ ಹೋಯಿತು. ಅವ್ವನ ಮಡಿಲಿಂದ ಸೊಪ್ಪು ಒಂದೊಂದೇ ಕಡ್ಡಿ ಉದುರುತ್ತಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ.

"ಕೊಟ್ಟು ಕಳ್ಸಲ್ಲ," ಎಂದಳು ಅಕ್ಕ ಕೊನೆಗೆ. ದನಿ ಗಟ್ಟಿಯಾಗಿತ್ತು, ಅಪ್ಪನ ಮಗಳಲ್ಲವೇ. "ಉಟ್ಕೊಂಡೇ ಬತ್ತೀನಿ. ಅಲ್ಲೇ ಬಿಚ್ಚಿ ಕೊಡ್ತೀನಿ." ಆಮೇಲೆ ಆ ದನಿ ಒಡೆಯಿತು. "ಬಿಚ್ಚಿ ಕೊಟ್ಮ್ಯಾಲೆ ಉಟ್ಕೊಳ್ಳೋಕೆ ಆ ಮನೇಲಿ ನನ್ ಬಟ್ಟೆ ಒಂದಾದ್ರೂ ಐತಾ ಪ್ರತಿಮಾ? ಎಲ್ಲಾನೂ ಪಾತ್ರೆಯವ್ನಿಗೆ ಹಾಕ್ಬುಟ್ರಾ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಗಿಳಿಹಸಿರು ಅಂಚಿನ ಮೇಲೆ ಕೈ ಇಟ್ಟಿದ್ದರು. ಅವರೆಕಾಯಿಯ ಸೊಗಡು ಅಂಟಿದ ಹೆಬ್ಬೆರಳು ಜರಿಯ ಮೇಲೆ ಹೋಗಿ ಬರುತ್ತಿತ್ತು, ಕತ್ತಲಲ್ಲಿ ಎಷ್ಟೋ ಸಲ ಓಡಾಡಿ ದಾರಿ ಕಲಿತ ಹಾಗೆ.

"ಐತೆ ಅನ್ನು," ಎಂದರು.

ನಾನು ಹೇಳಬೇಕಾಗಲಿಲ್ಲ. ಆ ಕಡೆ ಅಕ್ಕ ಅಳುವುದು ಸ್ಪೀಕರಿನಲ್ಲಿ ಜಗಲಿಯ ತುಂಬ ಕೇಳಿಸುತ್ತಿತ್ತು. ಅವ್ವ ಉಳಿದ ಸೊಪ್ಪನ್ನು ಬೋಸಿಗೆ ಹಾಕಿ, ಬೊಂತೆಯ ಹತ್ತಿರ ಬಂದು ಕೂತು, ಪೋಣಿಸಿಟ್ಟಿದ್ದ ಸೂಜಿಯಿಂದ ದಾರ ಎಳೆದು ಉಂಡೆಗೆ ಸುತ್ತಿದಳು. ಸೂಜಿಯನ್ನು ಅಕ್ಕ ಕೂರುತ್ತಿದ್ದ ಕಂಬದ ಬುಡದಲ್ಲಿ ಇಟ್ಟಳು.